ರೊಟ್ಟಿ ಬಡಿಯುವ ಕೈಯಲ್ಲ, ರೊಟ್ಟಿಗೆ ನೀರು ಸವರುವ ಕೈ

ಮನೆಗೆ ಹೋಗಿ ರೋಗಿಯನ್ನು ನೋಡಿ, ವ್ಯಾಯಾಮ ಹೇಳಿಕೊಟ್ಟು, ಕೊಟ್ಟ ಚಹಾ ಕುಡಿದು ಚಪ್ಪಲಿ ಮೆಟ್ಟಿಕೊಳ್ಳುವ ಹೊತ್ತಿಗೆ ಆ ಪ್ರಶ್ನೆ ಬರುತ್ತದೆ. ಒಳಗೆ ಕೇಳಲು ಸಂಕೋಚ. ಹೊಸ್ತಿಲ ಹತ್ತಿರ ನಿಂತು, ದನಿ ತಗ್ಗಿಸಿ ಕೇಳುತ್ತಾರೆ: "ಮೇಡಂ, ಅವ್ವನಿಗೆ ಎಣ್ಣೆ ಹಚ್ಚಿ ತಿಕ್ಕಬಹುದೇ?"

ನಾನು ಬಳ್ಳಾರಿಯಲ್ಲಿ ಫಿಸಿಯೋಥೆರಪಿಸ್ಟ್. ಸಿರುಗುಪ್ಪ, ಕುರುಗೋಡು, ಸಂಡೂರು ಕಡೆಯ ಹಳ್ಳಿಗಳಿಗೂ ಹೋಗುತ್ತೇನೆ. ಕ್ಯಾನ್ಸರ್ ಚಿಕಿತ್ಸೆ ನಡೆಯುತ್ತಿರುವ ಮನೆಗಳಲ್ಲಿ ಈ ಪ್ರಶ್ನೆ ಎದುರಾದಷ್ಟು ಬೇರೆ ಯಾವುದೂ ಎದುರಾಗಿಲ್ಲ. ಕೇಳುವವಳು ಹೆಚ್ಚಾಗಿ ಮಗಳು ಅಥವಾ ಸೊಸೆ. ನನ್ನನ್ನು ಕೇಳುವ ಮೊದಲೇ ಅವಳಿಗೆ ಎರಡು ಉತ್ತರ ಸಿಕ್ಕಿರುತ್ತವೆ. ಪಕ್ಕದ ಮನೆಯ ಅಜ್ಜಿ, "ಮೈತುಂಬ ಎಣ್ಣೆ ಹಚ್ಚಿ ಗಟ್ಟಿಯಾಗಿ ತಿಕ್ಕಿ ಎರೆ, ನೋವು ಬಿಟ್ಟುಹೋಗುತ್ತದೆ" ಎಂದಿರುತ್ತಾಳೆ. ಇನ್ನೊಬ್ಬರು, "ಕೈ ಹಚ್ಚಲೇಬೇಡ, ತಿಕ್ಕಿದರೆ ಮೈಯೆಲ್ಲ ಹರಡುತ್ತದೆ" ಎಂದು ಹೆದರಿಸಿರುತ್ತಾರೆ. ಎರಡೂ ಸರಿಯಲ್ಲ. ಮೊದಲನೆಯ ಮಾತು ಕೆಲವೊಮ್ಮೆ ಜೀವಕ್ಕೇ ಕುತ್ತು ತರುತ್ತದೆ. ಎರಡನೆಯದು ರೋಗಿಯನ್ನು ಒಂಟಿ ಮಾಡುತ್ತದೆ. ಸರಿಯಾದ ಉತ್ತರ ಹೊಸ್ತಿಲಲ್ಲಿ ನಿಂತು ಹೇಳಿ ಮುಗಿಸುವಷ್ಟು ಚಿಕ್ಕದಲ್ಲ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ಮೊದಲಿಗೆ ಒಂದು ಮಾತು ಸ್ಪಷ್ಟವಾಗಲಿ. ಮಸಾಜ್ ಕ್ಯಾನ್ಸರನ್ನು ವಾಸಿ ಮಾಡುವುದಿಲ್ಲ. ಗಡ್ಡೆಯನ್ನು ಕರಗಿಸುವುದಿಲ್ಲ. ರಕ್ತದಲ್ಲಿರುವ ‘ವಿಷ’ವನ್ನು ಇಳಿಸುವುದೂ ಇಲ್ಲ, ಕಿಮೋ ಔಷಧಿಯನ್ನು ಅರಗಿಸಿ ಹೊರಗೆ ಹಾಕುವುದು ಯಕೃತ್ತು ಮತ್ತು ಮೂತ್ರಪಿಂಡಗಳ ಕೆಲಸ, ಅದನ್ನು ಅವು ಯಾರೂ ತಿಕ್ಕದಿದ್ದರೂ ಮಾಡುತ್ತವೆ. ಗಡ್ಡೆಯನ್ನು ನೋಡಿಕೊಳ್ಳಬೇಕಾದದ್ದು ಶಸ್ತ್ರಚಿಕಿತ್ಸೆ, ಕಿಮೋಥೆರಪಿ, ಮತ್ತು ನಮ್ಮ ಜನ ‘ಕರೆಂಟ್ ಕೊಡಿಸುವುದು’ ಎನ್ನುವ ವಿಕಿರಣ ಚಿಕಿತ್ಸೆ. ಆ ಚಿಕಿತ್ಸೆಗಳ ನಡುವೆ ಮನುಷ್ಯ ಅನುಭವಿಸುವ ನೋವು, ವಾಕರಿಕೆ, ದಣಿವು, ನಿದ್ದೆ ಬಾರದ ರಾತ್ರಿಗಳು, ಎದೆಯೊಳಗಿನ ಅಳುಕು ಇವೆಯಲ್ಲ, ಅವುಗಳ ಭಾರವನ್ನು ಒಂದಷ್ಟು ಹೊತ್ತು ಇಳಿಸುವುದು ಮಸಾಜಿನಿಂದ ಆಗುತ್ತದೆ. ಇದನ್ನೇ ಪೂರಕ ಆರೈಕೆ ಎನ್ನುವುದು. ಚಿಕಿತ್ಸೆಯ ಜೊತೆಗೆ ನಡೆಯಬೇಕು, ಅದರ ಜಾಗಕ್ಕೆ ಬಂದು ಕೂರಬಾರದು.

ನಮ್ಮ ಭಾಗದಲ್ಲಿ ಮೈ ತಿಕ್ಕುವುದನ್ನು ಯಾರಿಗೂ ಹೊಸದಾಗಿ ಕಲಿಸಬೇಕಿಲ್ಲ. ಬಾಣಂತಿಗೆ ಎಣ್ಣೆ ಹಚ್ಚಿ ಎರೆಯುತ್ತಾರೆ, ಕೂಸನ್ನು ಕಾಲ ಮೇಲೆ ಮಲಗಿಸಿಕೊಂಡು ತಿಕ್ಕುತ್ತಾರೆ. ಗರಡಿ ಮನೆಯಲ್ಲಿ ಪೈಲ್ವಾನರು ಒಬ್ಬರಿಗೊಬ್ಬರು ಮಾಲೀಸು ಮಾಡಿಕೊಳ್ಳುತ್ತಾರೆ. ಉಳುಕು ತೆಗೆಯುವವರು ಊರಿಗೊಬ್ಬರಾದರೂ ಇರುತ್ತಾರೆ. ಕುಸುಬಿ ಎಣ್ಣೆ, ಔಡಲ ಎಣ್ಣೆ, ಕೊಬ್ಬರಿ ಎಣ್ಣೆ ಯಾವುದಕ್ಕೆ ಯಾವುದು ಎಂಬ ಲೆಕ್ಕವೂ ಮನೆಯ ಹಿರಿಯರಿಗೆ ಗೊತ್ತು. ಆದರೆ ಈ ಎಲ್ಲ ತಿಕ್ಕುವಿಕೆಯಲ್ಲೂ ಒಂದು ನಂಬಿಕೆ ಸೇರಿಕೊಂಡಿದೆ: ಒತ್ತಿ ತಿಕ್ಕಿದರೇ ಗುಣ. ಮರುದಿನ ಮೈ ಸ್ವಲ್ಪ ನೊಂದರೇ ತಿಕ್ಕಿದ್ದಕ್ಕೆ ಸಾರ್ಥಕ. ಹೊಲದಲ್ಲಿ ದುಡಿದು ಬಂದ ಗಟ್ಟಿ ಮೈಗೆ ಇದು ನಡೆಯುತ್ತದೆ. ಕಿಮೋ ಹತ್ತಿದ ಮೈಗೆ ನಡೆಯುವುದಿಲ್ಲ.

ಹೆಂಗಸರಿಗೆ ನಾನು ಹೇಳುವುದು ಹೀಗೆ. ರೊಟ್ಟಿ ಬಡಿಯುವಾಗ ನಿಮ್ಮ ಕೈ ಹೇಗಿರುತ್ತದೆ? ಅಂಗೈ ಅಗಲಿಸಿ, ತೋಳಿನ ಬಲ ಹಾಕಿ, ಪಟಪಟನೆ. ಅದೇ ರೊಟ್ಟಿಯನ್ನು ಹಂಚಿಗೆ ಹಾಕಿದ ಮೇಲೆ ಒದ್ದೆ ಅರಿವೆಯಿಂದ ನೀರು ಸವರುತ್ತೀರಿ. ಹಿಟ್ಟು ಕದಲಬಾರದು, ಅಂಚು ಹರಿಯಬಾರದು, ಆದರೆ ಒಂದು ಮೂಲೆಯೂ ಒಣಗಿ ಉಳಿಯಬಾರದು. ಎರಡೂ ನಿಮ್ಮ ಕೈಯೇ. ರೋಗಿಯ ಮೈಗೆ ಬೇಕಾದದ್ದು ಆ ಎರಡನೆಯ ಕೈ. ಹೀಗೆ ಹೇಳಿದರೆ ಒತ್ತಡ ಎಷ್ಟಿರಬೇಕು ಎಂದು ಮತ್ತೆ ಯಾರೂ ಕೇಳುವುದಿಲ್ಲ.

ನನ್ನ ದೊಡ್ಡವ್ವನಿಗೆ ಸ್ತನ ಕ್ಯಾನ್ಸರ್ ಆಯಿತು. ಸಿರುಗುಪ್ಪ ತಾಲ್ಲೂಕಿನ ಹೊಳೆಸಾಲಿನ ಊರು ಅವಳದು. ಆ ಊರಿನಲ್ಲಿ ಈಗ ಮದುವೆಯಾಗಿ ಮಕ್ಕಳನ್ನು ಹೆತ್ತವರಲ್ಲಿ ಅನೇಕರನ್ನು ಕೂಸಾಗಿದ್ದಾಗ ಎರೆದವಳು ಅವಳೇ. ಕರೆದ ಮನೆಗೆಲ್ಲ ಹೋಗುತ್ತಿದ್ದಳು. ಶಸ್ತ್ರಚಿಕಿತ್ಸೆ ಮುಗಿಸಿ ಅವಳು ಊರಿಗೆ ಬಂದಾಗ ಕಂಡದ್ದು ಬೇರೆ. ಮಾತನಾಡಿಸಲು ಬಂದವರು ಬಾಗಿಲ ಹತ್ತಿರ ಕೂತರು. ಅವಳಿಗೆ ಒಂದು ಲೋಟ, ಒಂದು ತಟ್ಟೆ ಬೇರೆಯಾದವು. ಯಾರೂ ಬೈಯಲಿಲ್ಲ, ಯಾರೂ ದೂರ ಹೋಗು ಎನ್ನಲಿಲ್ಲ. ಮುಟ್ಟಲಿಲ್ಲ, ಅಷ್ಟೇ. "ನನ್ನ ಮೈ ಈಗ ಡಾಕ್ಟರು ಮಾತ್ರ ಮುಟ್ಟುವ ಮೈ ಆಗಿದೆ, ನೋಡವ್ವಾ" ಎಂದಳು ನನಗೆ.

ಆದ್ದರಿಂದ ಎಣ್ಣೆಯ ಮಾತಿಗಿಂತ ಮುಂಚೆ ಇದನ್ನು ಹೇಳಲೇಬೇಕು: ಕ್ಯಾನ್ಸರ್ ಮುಟ್ಟಿದರೆ ಅಂಟುವುದಿಲ್ಲ. ಒಂದೇ ತಟ್ಟೆಯಲ್ಲಿ ಉಂಡರೆ, ಒಂದೇ ಹಾಸಿಗೆಯಲ್ಲಿ ಮಲಗಿದರೆ, ಮೊಮ್ಮಕ್ಕಳನ್ನು ಎತ್ತಿಕೊಂಡರೆ ಅಂಟುವುದಿಲ್ಲ. ಯಂತ್ರದ ಕೆಳಗೆ ಮಲಗಿಸಿ ಹೊರಗಿನಿಂದ ವಿಕಿರಣ ಕೊಡಿಸಿಕೊಂಡವರ ಮೈಯಲ್ಲಿ ‘ಕರೆಂಟ್’ ಉಳಿದಿರುವುದಿಲ್ಲ. ಯಂತ್ರ ನಿಂತೊಡನೆ ವಿಕಿರಣವೂ ನಿಂತಿತು. ಥೈರಾಯ್ಡ್ ಕ್ಯಾನ್ಸರಿಗೆ ವಿಕಿರಣಶೀಲ ಅಯೋಡಿನ್ ಕುಡಿಸಿದಂಥ ಸಂದರ್ಭಗಳಲ್ಲಿ ಮಾತ್ರ ಕೆಲವು ದಿನ ದೂರ ಇರಬೇಕಾಗುತ್ತದೆ. ಎಷ್ಟು ದಿನ ಎಂಬುದನ್ನು ಆಸ್ಪತ್ರೆಯವರೇ ಹೇಳಿ ಕಳಿಸುತ್ತಾರೆ. ಕಿಮೋ ಕೊಟ್ಟ ಮೊದಲ 48 ಗಂಟೆ ರೋಗಿಯ ಮೂತ್ರ, ಮಲ, ವಾಂತಿಯಲ್ಲಿ ಔಷಧಿಯ ಅಂಶ ಇರುತ್ತದೆ. ಅದನ್ನು ಬಳಿಯುವಾಗ ಕೈಗವಸು ಹಾಕಿಕೊಳ್ಳಿ. ಕೈ ಹಿಡಿದುಕೊಂಡು ಕೂರಲು ಕೈಗವಸು ಬೇಡ.

ಇನ್ನು ತಿಕ್ಕಿದರೆ ಹರಡುತ್ತದೆ ಎಂಬ ಭಯ. ಇದನ್ನು ಮೂಢನಂಬಿಕೆ ಎಂದು ತಳ್ಳಿಹಾಕಬಾರದು. ಏಕೆಂದರೆ ಮಸಾಜ್ ಕಲಿಸುವ ಶಾಲೆಗಳಲ್ಲೂ ದಶಕಗಳ ಕಾಲ ಹೀಗೆಯೇ ಕಲಿಸುತ್ತಿದ್ದರು. ಅದರ ಹಿಂದೆ ಒಂದು ತರ್ಕವಿದೆ. ನಮ್ಮ ಮೈಯಲ್ಲಿ ರಕ್ತನಾಳಗಳ ಜೊತೆಗೆ ದುಗ್ಧರಸದ ನಾಳಗಳ ಇನ್ನೊಂದು ಜಾಲ ಇದೆ. ಕಂಕುಳು, ಕುತ್ತಿಗೆ, ತೊಡೆಸಂದುಗಳಲ್ಲಿ ಅದರ ಗಂಟುಗಳಿವೆ, ದುಗ್ಧಗ್ರಂಥಿಗಳು. ಕ್ಯಾನ್ಸರ್ ಕೋಶಗಳು ಒಂದೆಡೆಯಿಂದ ಇನ್ನೊಂದೆಡೆಗೆ ಹೋಗುವಾಗ ಈ ದಾರಿಗಳನ್ನೂ ಬಳಸುತ್ತವೆ. ತಿಕ್ಕಿದರೆ ರಸದ ಹರಿವು ಹೆಚ್ಚುತ್ತದೆ, ಹರಿವಿನ ಜೊತೆಗೆ ಕೋಶಗಳೂ ಹೋಗುತ್ತವೆ ಎಂದು ಎಣಿಸಿದರು.

ಎಡವಿದ್ದು ಎಲ್ಲಿ ಎಂದರೆ, ಆ ರಸ ನಾವು ನಡೆದಾಗಲೂ ಹರಿಯುತ್ತದೆ. ಮೆಟ್ಟಿಲು ಹತ್ತಿದಾಗ, ಉಸಿರೆಳೆದಾಗ, ಕೊಡ ಎತ್ತಿದಾಗ ಸ್ನಾಯುಗಳು ಹಿಂಡಿದಂತೆಲ್ಲ ಮುಂದಕ್ಕೆ ಸಾಗುತ್ತದೆ. ಹರಿವು ಹೆಚ್ಚುವುದರಿಂದಲೇ ಕ್ಯಾನ್ಸರ್ ಹರಡುವುದಾಗಿದ್ದರೆ ರೋಗಿಗಳಿಗೆ ದಿನಾ ನಡೆಯಿರಿ ಎಂದು ವೈದ್ಯರು ಹೇಳುತ್ತಲೇ ಇರಲಿಲ್ಲ. ಹೊಸ ಜಾಗದಲ್ಲಿ ಕ್ಯಾನ್ಸರ್ ಬೇರೂರಬೇಕಾದರೆ ಕೋಶ ಗಡ್ಡೆಯಿಂದ ಬಿಡಿಸಿಕೊಳ್ಳಬೇಕು, ದಾರಿಯಲ್ಲಿ ಸಾಯದೆ ಉಳಿಯಬೇಕು, ಹೋದಲ್ಲಿ ನೆಲೆ ಹಿಡಿದು ತನಗೆ ಬೇಕಾದ ರಕ್ತನಾಳಗಳನ್ನು ಬೆಳೆಸಿಕೊಳ್ಳಬೇಕು. ಅದು ಆ ಕೋಶದ ಗುಣಕ್ಕೆ ಸೇರಿದ ವಿಷಯ. ಹಗುರವಾಗಿ ಮೈ ನೀವಿದ್ದರಿಂದ ಕ್ಯಾನ್ಸರ್ ಹರಡಿತು ಎಂಬುದಕ್ಕೆ ಪುರಾವೆ ಇಲ್ಲ. ಹಾಗೆಂದು ಗಡ್ಡೆಯ ಮೇಲೆ, ಊದಿದ ಗ್ರಂಥಿಯ ಮೇಲೆ ಕೈ ಹಾಕಬಾರದು. ಅಲ್ಲಿ ಒತ್ತಲೂಬಾರದು, ತಿಕ್ಕಲೂಬಾರದು.

ಹಾಗಾದರೆ ಉಪಯೋಗ ನಿಜವಾಗಿ ಎಷ್ಟು? ಇಲ್ಲಿ ಉಬ್ಬಿಸಿ ಹೇಳುವವರೂ ಇದ್ದಾರೆ, ಹೀಗಳೆಯುವವರೂ ಇದ್ದಾರೆ. ನ್ಯೂಯಾರ್ಕಿನ ಮೆಮೋರಿಯಲ್ ಸ್ಲೋನ್ ಕೆಟರಿಂಗ್ ಕ್ಯಾನ್ಸರ್ ಕೇಂದ್ರದಲ್ಲಿ ಮೂರು ವರ್ಷಗಳಲ್ಲಿ ಮಸಾಜ್ ಪಡೆದ 1,290 ರೋಗಿಗಳ ವಿವರ 2004ರಲ್ಲಿ ಪ್ರಕಟವಾಯಿತು. ನೋವು, ಆತಂಕ, ವಾಕರಿಕೆ, ದಣಿವುಗಳಿಗೆ ರೋಗಿಗಳೇ ಮಸಾಜಿನ ಮೊದಲು ಮತ್ತು ನಂತರ ಅಂಕ ಕೊಟ್ಟಿದ್ದರು. ಆ ಅಂಕಗಳು ಹೆಚ್ಚುಕಡಿಮೆ ಅರ್ಧಕ್ಕೆ ಇಳಿದಿದ್ದವು. ಕೇಳಲು ಬಹಳ ಚೆನ್ನಾಗಿದೆ. ಆದರೆ ಅಲ್ಲಿ ಮಸಾಜ್ ಪಡೆಯದವರ ಗುಂಪು ಇರಲಿಲ್ಲ. ಅರ್ಧ ಗಂಟೆ ಸುಮ್ಮನೆ ಮಲಗಿದ್ದರೂ ಒಂದಷ್ಟು ಇಳಿಯುತ್ತಿತ್ತೇನೋ ಎಂದು ಯಾರಾದರೂ ಕೇಳಿದರೆ ಅದರಲ್ಲಿ ಉತ್ತರವಿಲ್ಲ.

ಆ ಪ್ರಶ್ನೆಗೆ ಹತ್ತಿರವಾದ ಉತ್ತರ ಸಿಕ್ಕಿದ್ದು ಅಮೆರಿಕದಲ್ಲೇ ನಡೆದು 2008ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ. ನನಗೆ ಎಲ್ಲಕ್ಕಿಂತ ಹೆಚ್ಚು ಕಲಿಸಿದ ಅಧ್ಯಯನ ಇದು. ರೋಗ ಬಹಳ ಮುಂದುವರಿದಿದ್ದ 380 ಮಂದಿ ಅದರಲ್ಲಿದ್ದರು. ಅರ್ಧದಷ್ಟು ಜನರಿಗೆ ತರಬೇತಾದವರಿಂದ ಎರಡು ವಾರದಲ್ಲಿ ಆರು ಸಲ, ಅರ್ಧ ಅರ್ಧ ಗಂಟೆಯ ಮಸಾಜ್. ಉಳಿದವರಿಗೆ ಮಸಾಜ್ ಗೊತ್ತೇ ಇಲ್ಲದ ಸ್ವಯಂಸೇವಕರು ಬಂದು ಕುತ್ತಿಗೆಯ ಬುಡ, ಬೆನ್ನು, ಮುಂಗೈ, ಮೊಣಕಾಲು, ಪಾದ ಹೀಗೆ ಹತ್ತು ಕಡೆ ಮೂರು ಮೂರು ನಿಮಿಷ ಸುಮ್ಮನೆ ಕೈ ಇಟ್ಟರು. ತಿಕ್ಕಲಿಲ್ಲ, ಒತ್ತಲಿಲ್ಲ. ಆ ಕ್ಷಣದ ನೋವು ಮಸಾಜ್ ಪಡೆದವರಲ್ಲಿ ಹೆಚ್ಚು ಇಳಿಯಿತು. ಹತ್ತು ಅಂಕದ ಅಳತೆಯಲ್ಲಿ ಇನ್ನೊಂದು ಗುಂಪಿಗಿಂತ ಸುಮಾರು ಒಂದು ಅಂಕದಷ್ಟು ಹೆಚ್ಚು. ಆದರೆ ದಿನಗಳು ಕಳೆದಂತೆ ಉಳಿಯುವ ನೆಮ್ಮದಿಯನ್ನು ಅಳೆದಾಗ ಎರಡು ಗುಂಪಿಗೂ ವ್ಯತ್ಯಾಸ ಕಾಣಲಿಲ್ಲ. ಎರಡೂ ಗುಂಪಿನವರು ಸುಧಾರಿಸಿದ್ದರು.

ಇದನ್ನು ಕೆಲವರು ಮಸಾಜಿನ ಸೋಲು ಎಂದು ಓದುತ್ತಾರೆ. ನಾನು ಹಾಗೆ ಓದುವುದಿಲ್ಲ. ತಜ್ಞರು ಸಿಗದ ನಮ್ಮಂಥ ಜಿಲ್ಲೆಗಳಿಗೆ ಇದಕ್ಕಿಂತ ಒಳ್ಳೆಯ ಸುದ್ದಿ ಬೇರೆ ಇಲ್ಲ. ಏನೂ ಬಾರದವರು ಪಕ್ಕದಲ್ಲಿ ಕೂತು ಕೈ ಇಟ್ಟರೂ ರೋಗಿಗೆ ತಾಕುತ್ತದೆ ಎಂದಾಯಿತಲ್ಲ. 2013ರಲ್ಲಿ ಪ್ರಕಟವಾದ ಮತ್ತೊಂದು ಪ್ರಯೋಗದಲ್ಲಿ 97 ರೋಗಿಗಳೂ ಅವರ ಮನೆಯವರೂ ಇದ್ದರು. ಒಂದು ಗುಂಪಿನಲ್ಲಿ ಮನೆಯವರೇ ವಿಡಿಯೋ ಮತ್ತು ಕೈಪಿಡಿ ನೋಡಿ ಹಗುರ ಮಸಾಜ್ ಕಲಿತರು. ನಾಲ್ಕು ವಾರ ಮನೆಯಲ್ಲೇ ಮಾಡಿದರು. ಹೋಲಿಕೆಗೆಂದು ಇನ್ನೊಂದು ಗುಂಪಿನವರು ರೋಗಿಗೆ ಓದಿ ಹೇಳುತ್ತಿದ್ದರು. ಓದಿ ಹೇಳಿದಾಗ ಬೇರೆಬೇರೆ ತೊಂದರೆಗಳು ಶೇ. 12ರಿಂದ 28ರಷ್ಟು, ಮಸಾಜ್ ಮಾಡಿದಾಗ ಶೇ. 29ರಿಂದ 44ರಷ್ಟು ಇಳಿದವು.

ಇನ್ನೊಂದು ಪಕ್ಕವನ್ನೂ ಮುಚ್ಚಿಡುವಂತಿಲ್ಲ. ವೈದ್ಯಕೀಯ ಅಧ್ಯಯನಗಳನ್ನು ತೂಗಿ ನೋಡುವ ಕೋಕ್ರೇನ್ ಸಂಸ್ಥೆಯ 2016ರ ಪರಾಮರ್ಶೆ 19 ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿ, ಪುರಾವೆಯ ಗುಣಮಟ್ಟ ತೀರಾ ಕಡಿಮೆ, ಗಟ್ಟಿ ತೀರ್ಮಾನ ಸಾಧ್ಯವಿಲ್ಲ ಎಂದಿತು. ಅಧ್ಯಯನಗಳು ಚಿಕ್ಕವು, ಮಸಾಜ್ ಪಡೆಯುತ್ತಿರುವುದು ರೋಗಿಗೆ ಗೊತ್ತಾಗದಂತೆ ಪರೀಕ್ಷಿಸಲು ದಾರಿಯೇ ಇಲ್ಲ. ಅದಾದ ಮೇಲೆ, 2022ರಲ್ಲಿ ಅಮೆರಿಕದ ಕ್ಯಾನ್ಸರ್ ತಜ್ಞರ ಸಂಘ ಹೊರಡಿಸಿದ ನೋವು ನಿರ್ವಹಣೆಯ ಮಾರ್ಗಸೂಚಿಯಲ್ಲಿ, ಸ್ತನ ಕ್ಯಾನ್ಸರ್ ಚಿಕಿತ್ಸೆಯ ನಂತರ ಉಳಿಯುವ ನೋವಿಗೆ ಮತ್ತು ನೋವು, ತೊಂದರೆ ತಗ್ಗಿಸಲೆಂದೇ ಕೊಡುವ ಉಪಶಾಮಕ ಆರೈಕೆಯಲ್ಲಿರುವವರ ನೋವಿಗೆ ಮಸಾಜನ್ನು ಸೂಚಿಸಬಹುದು ಎಂದಿದೆ. ‘ಸೂಚಿಸಬಹುದು’ ಎಂಬ ಆ ಎಚ್ಚರದ ಮಾತು ನನಗೆ ಸರಿ ಎನಿಸುತ್ತದೆ.

ಮುಟ್ಟಿದರೆ ನೋವು ಏಕೆ ಇಳಿಯಬೇಕು? ಮಂಚದ ಕಾಲಿಗೆ ಬೆರಳು ಬಡಿದರೆ ನಾವು ತಕ್ಷಣ ಆ ಜಾಗವನ್ನು ನೀವಿಕೊಳ್ಳುತ್ತೇವೆ. 1965ರಲ್ಲಿ ರೊನಾಲ್ಡ್ ಮೆಲ್ಜಾಕ್ ಮತ್ತು ಪ್ಯಾಟ್ರಿಕ್ ವಾಲ್ ಎಂಬ ವಿಜ್ಞಾನಿಗಳು ಇದಕ್ಕೆ ವಿವರಣೆ ಕೊಟ್ಟರು: ಬೆನ್ನುಹುರಿಯಲ್ಲಿ ನೋವಿನ ಸುದ್ದಿ ಹಾದುಹೋಗುವ ಒಂದು ಬಾಗಿಲಿನಂಥ ವ್ಯವಸ್ಥೆ ಇದೆ, ಸ್ಪರ್ಶದ ಸುದ್ದಿ ಬಂದಾಗ ಆ ಬಾಗಿಲು ಸ್ವಲ್ಪ ಮುಚ್ಚಿಕೊಳ್ಳುತ್ತದೆ. ಇನ್ನೂ ಸೂಕ್ಷ್ಮವಾದ ಸಂಗತಿಯೊಂದಿದೆ. ಕೂದಲಿರುವ ಚರ್ಮದಲ್ಲಿ ಒಂದು ಬಗೆಯ ನರತಂತುಗಳಿದ್ದು, ಅವು ಹೆಚ್ಚು ಮಿಡಿಯುವುದು ನಿಧಾನವಾಗಿ ಸವರಿದಾಗ, ಅಂದರೆ ಸೆಕೆಂಡಿಗೆ 1ರಿಂದ 10 ಸೆಂಟಿಮೀಟರ್ ವೇಗದಲ್ಲಿ. ಬಿರುಸಾಗಿ ಉಜ್ಜಿದರೆ ಅವು ಅಷ್ಟು ಎಚ್ಚರಗೊಳ್ಳುವುದಿಲ್ಲ. ನಿಮ್ಮ ಅಂಗೈ ಮೊಣಕೈಯಿಂದ ಮಣಿಕಟ್ಟಿಗೆ ಬರಲು ಐದಾರು ಸೆಕೆಂಡ್ ತೆಗೆದುಕೊಂಡರೆ ಆ ವೇಗ ಸಿಕ್ಕಿತು. ಅಳುವ ಕೂಸಿನ ಬೆನ್ನನ್ನು ತಾಯಿ ಸವರುವುದು ಇದೇ ವೇಗದಲ್ಲಿ.

ಈಗ ಅಪಾಯಗಳಿಗೆ ಬರೋಣ. ಹೊಸ್ತಿಲಲ್ಲಿ ಹೇಳಲಾಗದ ಮಾತು ಇದೇ.

ಬಳ್ಳಾರಿ, ಕೊಪ್ಪಳ, ರಾಯಚೂರು ಈ ಮೂರೂ ಜಿಲ್ಲೆಗಳ ರೋಗಿಗಳಿಗೆ ದೂರದ ಪ್ರಯಾಣ ತಪ್ಪಿದ್ದಲ್ಲ. ಕೊಪ್ಪಳದವರು ಹುಬ್ಬಳ್ಳಿಯ ನವನಗರದ ಕ್ಯಾನ್ಸರ್ ಆಸ್ಪತ್ರೆಗೆ, ರಾಯಚೂರಿನವರು ಕಲಬುರಗಿಯ ಕಿದ್ವಾಯಿ ಘಟಕಕ್ಕೋ ಹೈದರಾಬಾದಿಗೋ, ಬಳ್ಳಾರಿಯವರು ಹಂಪಿ ಎಕ್ಸ್‌ಪ್ರೆಸ್ ಹತ್ತಿ ಬೆಂಗಳೂರಿಗೆ. ರಾತ್ರಿಯಿಡೀ ಕಾಲು ಇಳಿಬಿಟ್ಟು ಕೂತ ಪ್ರಯಾಣ, ಬೆಳಿಗ್ಗೆ ಆಸ್ಪತ್ರೆಯ ಸಾಲು, ಮತ್ತೆ ರಾತ್ರಿ ವಾಪಸು. ಕ್ಯಾನ್ಸರ್ ರೋಗವೇ ರಕ್ತವನ್ನು ಹೆಪ್ಪುಗಟ್ಟುವ ಕಡೆಗೆ ವಾಲಿಸುತ್ತದೆ. ಕೆಲವು ಔಷಧಿಗಳೂ ಅದಕ್ಕೆ ಕೂಡಿಕೊಳ್ಳುತ್ತವೆ. ಮೇಲೆ ಈ ಅಲುಗಾಡದೆ ಕೂರುವುದು. ಮಾನ್ವಿ ಕಡೆಯ ಒಬ್ಬ ಹಿರಿಯರು 21 ದಿನಕ್ಕೊಮ್ಮೆ ಹೀಗೆ ಹೋಗಿಬರುತ್ತಿದ್ದರು. ಬಳ್ಳಾರಿಯ ಮಗಳ ಮನೆಯಲ್ಲಿ ಉಳಿದಿದ್ದಾಗ ನನಗೆ ಕರೆ ಬಂತು. ನಾನು ಹೋದಾಗ ಮಗ ಬಟ್ಟಲಲ್ಲಿ ಔಡಲ ಎಣ್ಣೆ ಬಿಸಿ ಮಾಡಿ ಇಟ್ಟುಕೊಂಡು ತಂದೆಯ ಕಾಲ ಬಳಿ ಕೂತಿದ್ದ. "ಬಸ್ಸಿನಲ್ಲಿ ಕೂತು ಕೂತು ಕಾಲು ಬಾತಿದೆ" ಎಂದ. ಬಾತಿದ್ದದ್ದು ಎಡಗಾಲು ಮಾತ್ರ. ಮೀನಖಂಡದ ಚರ್ಮ ಹೊಳೆಯುತ್ತಿತ್ತು, ಮುಟ್ಟಿದರೆ ಬಲಗಾಲಿಗಿಂತ ಬೆಚ್ಚಗಿತ್ತು. ಟೇಪು ಹಿಡಿದು ಅಳೆದೆ: ಎಡ ಮೀನಖಂಡ ಬಲದ್ದಕ್ಕಿಂತ 4 ಸೆಂಟಿಮೀಟರ್ ದಪ್ಪ. ಎಣ್ಣೆಯ ಬಟ್ಟಲನ್ನು ಪಕ್ಕಕ್ಕೆ ಸರಿಸಿ, ಕಾಲನ್ನು ಯಾರೂ ಮುಟ್ಟದಂತೆ ಹೇಳಿ, ಆಗಲೇ ಆಸ್ಪತ್ರೆಗೆ ಕಳಿಸಿದೆ. ರಕ್ತದ ಹರಿವನ್ನು ತೋರಿಸುವ ಡಾಪ್ಲರ್ ಸ್ಕ್ಯಾನಿನಲ್ಲಿ ಒಳಗಿನ ರಕ್ತನಾಳದಲ್ಲಿ ಹೆಪ್ಪುಗಟ್ಟಿದ್ದು ಕಂಡಿತು. ಆ ಮಗ ಪ್ರೀತಿಯಿಂದ, ಬಲ ಹಾಕಿ ಆ ಕಾಲನ್ನು ತಿಕ್ಕಿದ್ದರೆ ಹೆಪ್ಪಿನ ತುಣುಕು ಕಳಚಿ ಶ್ವಾಸಕೋಶಕ್ಕೆ ಹೋಗಬಹುದಿತ್ತು. ಒಂದೇ ಕಾಲು ಬಾತು, ಬಿಸಿಯಾಗಿ, ನೋಯುತ್ತಿದ್ದರೆ ಅದನ್ನು ತಿಕ್ಕಬೇಡಿ. ಈ ಲೇಖನದಲ್ಲಿ ಒಂದನ್ನೇ ನೆನಪಿಡುವುದಾದರೆ ಇದನ್ನು ನೆನಪಿಡಿ.

ಎರಡನೆಯದು ಮೂಳೆ. ಸ್ತನ, ಪ್ರಾಸ್ಟೇಟ್, ಶ್ವಾಸಕೋಶ, ಮೂತ್ರಪಿಂಡ, ಥೈರಾಯ್ಡ್ ಕ್ಯಾನ್ಸರುಗಳು ಮೂಳೆಗೆ ಹೋಗುವುದು ಹೆಚ್ಚು. ಹೋದ ಕಡೆ ಮೂಳೆ ಗೆದ್ದಲು ಹಿಡಿದ ತೊಲೆಯಂತೆ ಒಳಗೊಳಗೇ ಟೊಳ್ಳಾಗಿರುತ್ತದೆ. ಹೊರಗಿನಿಂದ ಕಾಣುವುದು ಸೊಂಟ ನೋವು, ಬೆನ್ನು ನೋವು ಅಷ್ಟೇ. ನಮ್ಮ ಜನ ಆಗ ಉಳುಕು ತೆಗೆಯುವವರ ಹತ್ತಿರ ಹೋಗುತ್ತಾರೆ. ಬೆನ್ನ ಮೇಲೆ ಮೊಣಕಾಲೂರಿ ಎಳೆಯುವವರನ್ನು ಕಂಡಿದ್ದೇನೆ. ಟೊಳ್ಳು ಮೂಳೆ ಅದಕ್ಕೆ ತಾಳುವುದಿಲ್ಲ. ಕ್ಯಾನ್ಸರ್ ಇದ್ದವರಿಗೆ ಹೊಸದಾಗಿ ಬೆನ್ನು ನೋವು ಶುರುವಾಗಿ, ಜೊತೆಗೆ ಕಾಲು ಸೋಲುತ್ತಿದ್ದರೆ, ಮರಗಟ್ಟುತ್ತಿದ್ದರೆ, ಮೂತ್ರ ಮಲದ ಹಿಡಿತ ತಪ್ಪಿದರೆ ಅದು ಬೆನ್ನುಹುರಿ ಒತ್ತಿಕೊಳ್ಳುತ್ತಿರುವ ಲಕ್ಷಣ. ಅಂದೇ ಆಸ್ಪತ್ರೆಗೆ ಹೋಗಬೇಕು. ನಾಳೆ ನೋಡೋಣ ಎಂದರೆ ಕಾಲು ಮತ್ತೆ ಬಾರದಂತಾಗಬಹುದು.

ರಕ್ತದ ವಿಷಯ ಹೇಳುವುದು ಸುಲಭ. ಕಿಮೋ ಕೊಟ್ಟ ಒಂದರಿಂದ ಎರಡು ವಾರದೊಳಗೆ ರಕ್ತಕಣಗಳು ಸಾಮಾನ್ಯವಾಗಿ ತೀರಾ ಕೆಳಗಿಳಿದಿರುತ್ತವೆ. ರಕ್ತಕಣಗಳನ್ನು ಎಣಿಸುವ ಸಿಬಿಸಿ ವರದಿಯಲ್ಲಿ ಪ್ಲೇಟ್‌ಲೆಟ್, ಅಂದರೆ ರಕ್ತ ಸೋರದಂತೆ ತಡೆಯುವ ಕಣ, ಎಂಬ ಸಾಲು ನೋಡಿ. ಆರೋಗ್ಯವಂತರಲ್ಲಿ ಅದು 1.5 ಲಕ್ಷದಿಂದ 4.5 ಲಕ್ಷ. 50,000ಕ್ಕಿಂತ ಕಡಿಮೆ ಇದ್ದರೆ ಎಣ್ಣೆ ಸವರುವುದಕ್ಕಿಂತ ಹೆಚ್ಚಿನ ಒತ್ತಡ ಬೇಡ. 20,000ಕ್ಕಿಂತ ಕೆಳಗೆ ಹೋಗಿದ್ದರೆ ಕೈ ಹಿಡಿದುಕೊಂಡು ಕೂತರೆ ಸಾಕು. ರಕ್ತ ತೆಳುವಾಗುವ ಔಷಧಿ ತೆಗೆದುಕೊಳ್ಳುತ್ತಿದ್ದರೂ ಇದೇ ಎಚ್ಚರ. ಬಿಳಿ ರಕ್ತಕಣ ಇಳಿದಾಗ ಸೋಂಕು ಬೇಗ ತಗಲುತ್ತದೆ, ಆದ್ದರಿಂದ ಮುಟ್ಟುವವರು ಸೋಪು ಹಚ್ಚಿ ಕೈ ತೊಳೆಯಬೇಕು, ಉಗುರು ಕತ್ತರಿಸಿರಬೇಕು, ನೆಗಡಿ ಕೆಮ್ಮು ಇದ್ದರೆ ಅಂದು ಬೇರೆಯವರಿಗೆ ಬಿಡಬೇಕು. ಜ್ವರ 100.4 ಡಿಗ್ರಿ ದಾಟಿದರೆ ಮಸಾಜಿನ ಮಾತೇ ಇಲ್ಲ, ಆಸ್ಪತ್ರೆಗೆ ಫೋನ್ ಮಾಡಿ.

ಕಿಮೋದ ಕೆಲವು ಔಷಧಿಗಳು ಅಂಗೈ ಅಂಗಾಲಿನ ನರಗಳನ್ನು ಸೋಲಿಸುತ್ತವೆ. ಜುಮ್ಮೆನ್ನುತ್ತದೆ, ಇರುವೆ ಹರಿದಂತಾಗುತ್ತದೆ, ಚಪ್ಪಲಿ ಜಾರಿಹೋದದ್ದು ತಿಳಿಯುವುದಿಲ್ಲ. ಇಂಥ ಪಾದಕ್ಕೆ ಹಗುರ ಸವರುವಿಕೆ ಹಿತ. ಆದರೆ ಉಪ್ಪಿನ ಗಂಟು ಬಿಸಿ ಮಾಡಿ ಕಾವು ಕೊಡುವ ನಮ್ಮ ರೂಢಿಯನ್ನು ಅಲ್ಲಿ ಬಿಡಬೇಕು. ಸುಡುತ್ತಿರುವುದು ಅವರಿಗೆ ಗೊತ್ತೇ ಆಗುವುದಿಲ್ಲ, ಬೊಬ್ಬೆ ಎದ್ದ ಮೇಲೆ ಗೊತ್ತಾಗುತ್ತದೆ. ಕ್ಯಾಪೆಸಿಟಾಬಿನ್ ಮಾತ್ರೆ ನುಂಗುವವರ ಅಂಗೈ ಅಂಗಾಲು ಕೆಂಪಾಗಿ ಸುಲಿಯುತ್ತಿದ್ದರೆ ಅಲ್ಲಿ ಉಜ್ಜುವುದೂ ಬೇಡ, ಬಿಸಿಯೂ ಬೇಡ.

ವಿಕಿರಣ ನಡೆಯುತ್ತಿರುವ ಜಾಗಕ್ಕೆ ಎಣ್ಣೆ, ಅರಿಸಿನ, ನೋವಿನ ಮುಲಾಮು ಯಾವುದನ್ನೂ ವೈದ್ಯರನ್ನು ಕೇಳದೆ ಹಚ್ಚಬಾರದು. ಆ ಚರ್ಮ ಬಿಸಿಲಿಗೆ ಸುಟ್ಟ ಚರ್ಮದಂತಿರುತ್ತದೆ. ಇನ್ನೊಂದು ಕಾರಣವೂ ಇದೆ. ಯಂತ್ರವನ್ನು ಗುರಿ ಹಿಡಿಯಲು ಮೈಮೇಲೆ ಶಾಯಿಯಿಂದ ಗೆರೆ ಎಳೆದಿರುತ್ತಾರೆ, ಎಣ್ಣೆ ಹಚ್ಚಿ ಎರೆದರೆ ಗೆರೆ ಅಳಿಸಿಹೋಗುತ್ತದೆ. ದೊಡ್ಡವ್ವನ ಎದೆಯ ಮೇಲೂ ಅಂಥ ನೀಲಿ ಗೆರೆಗಳಿದ್ದವು. ಅವುಗಳನ್ನು ಅವಳು ಕುಂಕುಮ ಕಾಯ್ದಂತೆ ಕಾಯ್ದಳು.

ಬಾಯಿ ಕ್ಯಾನ್ಸರಿಗೆ ಕುತ್ತಿಗೆಯ ಶಸ್ತ್ರಚಿಕಿತ್ಸೆ ಆದವರು ನಮ್ಮಲ್ಲಿ ಬಹಳ. ಗುಟ್ಕಾ, ತಂಬಾಕು ಎಷ್ಟು ಮನೆ ಹಾಳು ಮಾಡಿವೆ ಎಂಬುದು ಬೇರೆಯೇ ಬರೆಯಬೇಕಾದ ಕಥೆ. ಅವರ ಭುಜ ಬಿಗಿದಿರುತ್ತದೆ, ಬಾಯಿ ಪೂರ್ತಿ ತೆರೆಯುವುದಿಲ್ಲ. ಅದಕ್ಕೆ ವ್ಯಾಯಾಮಗಳಿವೆ, ಕಲಿತು ಮಾಡಬೇಕು. ಕುತ್ತಿಗೆಯ ಮುಂಭಾಗಕ್ಕೆ ಮನೆಯವರು ಕೈ ಹಾಕಬಾರದು.

ದೊಡ್ಡವ್ವನಿಗೆ ಮುಂದೆ ಕಾಡಿದ್ದು ತೋಳು. ಕಂಕುಳಿನ ಗ್ರಂಥಿಗಳನ್ನು ತೆಗೆದ ಮೇಲೆ ಆ ತೋಳಿನ ರಸಕ್ಕೆ ಹೊರಹೋಗುವ ದಾರಿ ಕಿರಿದಾಗುತ್ತದೆ. ಕೆಲವರಿಗೆ ತಿಂಗಳುಗಳ ನಂತರ, ಕೆಲವರಿಗೆ ವರ್ಷಗಳ ನಂತರ ತೋಳು ಬಾಯುತ್ತದೆ. ಆಸ್ಪತ್ರೆಯ ಟೇಪಿಗಿಂತ ಮೊದಲೇ ಅದನ್ನು ಹೇಳಿದ್ದು ಅವಳ ಬಳೆ. ಹಸಿರು ಗಾಜಿನ ಬಳೆಗಳು ಎಡಗೈಯಲ್ಲಿ ಸಡಿಲವಾಗಿ ತಿರುಗುತ್ತಿದ್ದವು, ಬಲಗೈಯಲ್ಲಿ ಮಣಿಕಟ್ಟಿಗೆ ಕಚ್ಚಿ ನಿಂತಿದ್ದವು, ತೆಗೆದರೆ ಗೆರೆ ಉಳಿಯುತ್ತಿತ್ತು. "ಬಳೆಗಾರ ಅಳತೆ ತಪ್ಪಿಸಿದ್ದಾನೆ" ಎಂದು ಅವಳು ಎರಡು ವಾರ ಸುಮ್ಮನಿದ್ದಳು. ಇಂಥ ಬಾವನ್ನು ಒತ್ತಿ ತಿಕ್ಕಿ ಇಳಿಸಲು ಆಗುವುದಿಲ್ಲ. ದುಗ್ಧರಸದ ಸಣ್ಣ ನಾಳಗಳು ಚರ್ಮದ ತೀರಾ ಅಡಿಯಲ್ಲೇ ಇರುತ್ತವೆ. ಬಲ ಹಾಕಿದರೆ ಅವು ಮುಚ್ಚಿಕೊಳ್ಳುತ್ತವೆ. ಇದಕ್ಕೆಂದೇ ಬೇರೆ ಕ್ರಮವಿದೆ: ಚರ್ಮವನ್ನು ಮಾತ್ರ ಹಗುರವಾಗಿ ಹಿಗ್ಗಿಸುತ್ತಾ, ಗ್ರಂಥಿಗಳು ಉಳಿದಿರುವ ಕಡೆಗೆ ರಸವನ್ನು ದಾಟಿಸುವುದು, ಆಮೇಲೆ ಬಿಗಿ ಪಟ್ಟಿ ಅಥವಾ ತೋಳುಚೀಲ, ವ್ಯಾಯಾಮ, ಚರ್ಮದ ಜೋಪಾನ. ಈ ನಾಲ್ಕೂ ಸೇರಿದರೇ ಫಲ. ಮೊದಲ ಸಲ ತರಬೇತಾದ ಫಿಸಿಯೋಥೆರಪಿಸ್ಟ್ ಹತ್ತಿರವೇ ಕಲಿಯಬೇಕು. ವೈದ್ಯಕೀಯ ಕಾಲೇಜು ಆಸ್ಪತ್ರೆಗಳಲ್ಲಿ ಕೇಳಿ. ತೋಳು ಕೆಂಪಾಗಿ ಜ್ವರ ಬಂದರೆ ಅದು ಸೋಂಕು. ಮುಟ್ಟದೆ ವೈದ್ಯರಲ್ಲಿಗೆ ಹೋಗಿ.

ಇಷ್ಟು ಓದಿದವರಿಗೆ ಹೆದರಿಕೆ ಆಗಿರಬಹುದು. ಹೆದರಬೇಡಿ. ಮುಂದಿನ ಸಲ ಆಸ್ಪತ್ರೆಗೆ ಹೋದಾಗ ವೈದ್ಯರನ್ನೋ ನರ್ಸನ್ನೋ ಕೇಳಿ: ಮೂಳೆಗೆ ಹೋಗಿದೆಯೇ, ಪ್ಲೇಟ್‌ಲೆಟ್ ಎಷ್ಟಿದೆ, ಹೆಪ್ಪುಗಟ್ಟುವ ತೊಂದರೆ ಇದೆಯೇ, ಮೈಯ ಯಾವ ಭಾಗ ಮುಟ್ಟಬಾರದು. ಈ ನಾಲ್ಕಕ್ಕೆ ಉತ್ತರ ಸಿಕ್ಕರೆ ಉಳಿದ ಮೈ ನಿಮ್ಮದೇ. ಹೆಚ್ಚಿನವರಿಗೆ ಅಂಗೈ, ಮುಂಗೈ, ಪಾದ, ಬೆನ್ನಿನ ಒಂದಷ್ಟು ಭಾಗ ಉಳಿದೇ ಉಳಿಯುತ್ತದೆ. ಅಷ್ಟು ಸಾಕು.

ಎಣ್ಣೆ ಯಾವುದಾದರೂ ಸರಿ, ಮನೆಯಲ್ಲಿರುವ ಕೊಬ್ಬರಿ ಎಣ್ಣೆಯೋ ಕುಸುಬಿ ಎಣ್ಣೆಯೋ. ಕರ್ಪೂರ, ನೀಲಗಿರಿ ಎಣ್ಣೆ ಬೆರೆಸಬೇಡಿ. ಕಿಮೋ ಆದವರಿಗೆ ವಾಸನೆಯೇ ವಾಂತಿ ತರಿಸುತ್ತದೆ. ನಮ್ಮ ಬೇಸಿಗೆಯಲ್ಲಿ ಮಧ್ಯಾಹ್ನ ಬೇಡ, ಹೊತ್ತು ಮುಳುಗಿದ ಮೇಲೆ, ಅಂಗಳಕ್ಕೆ ತಂಪು ಇಳಿದಾಗ ಚೆನ್ನ. ಮಲಗಲು ಆಗದವರನ್ನು ದಿಂಬು ಒರಗಿಸಿ ಕೂರಿಸಿ. ಹತ್ತರಿಂದ ಇಪ್ಪತ್ತು ನಿಮಿಷ. ನಡುನಡುವೆ ಕೇಳುತ್ತಿರಿ. ನಮ್ಮ ಹಿರಿಯರು ನೋವಾದರೂ ಸಾಕು ಎನ್ನುವುದಿಲ್ಲ, ತಿಕ್ಕುತ್ತಿರುವವರ ಮನಸ್ಸು ನೋಯುತ್ತದೆಂದು ಸುಮ್ಮನಿರುತ್ತಾರೆ. ಆದ್ದರಿಂದ ಮುಖ ನೋಡಿ, ಹುಬ್ಬು ನೋಡಿ. ಬೇಡ ಎಂದ ದಿನ ಬೇಡ. ಗಂಡಸರಿಗೂ ಇದು ಬೇಕು. ಹೆಂಡತಿಯ ಕಾಲು ಮುಟ್ಟಲು ಹಿಂಜರಿಯುವ ಗಂಡಂದಿರೂ, ತಂದೆಯ ಕೈ ಹಿಡಿಯಲು ನಾಚುವ ಗಂಡು ಮಕ್ಕಳೂ ಒಮ್ಮೆ ಕೂತರೆ ತಾವಾಗಿಯೇ ಕಲಿಯುತ್ತಾರೆ.

ಮೈ ತಿಕ್ಕಿ ಗಡ್ಡೆ ಕರಗಿಸುತ್ತೇವೆ, ಆಪರೇಷನ್ ಬೇಡ ಎನ್ನುವವರ ಬಗ್ಗೆ ಎರಡೇ ಮಾತು. ಅವರ ಬಾಗಿಲಿಗೆ ಹೋಗಬೇಡಿ. ಚಿಕಿತ್ಸೆ ಬಿಟ್ಟು ಬದಲಿ ಪದ್ಧತಿಯನ್ನಷ್ಟೇ ನಂಬಿದ 281 ಕ್ಯಾನ್ಸರ್ ರೋಗಿಗಳನ್ನು ಚಿಕಿತ್ಸೆ ಪಡೆದವರ ಜೊತೆ ಹೋಲಿಸಿ ನೋಡಿದ, 2018ರ ಅಮೆರಿಕದ ಅಧ್ಯಯನದಲ್ಲಿ ಅವರ ಸಾವಿನ ಅಪಾಯ ಎರಡೂವರೆ ಪಟ್ಟು ಇತ್ತು. ನಮ್ಮ ಕಡೆ ಹೀಗೆ ಮೂರು ನಾಲ್ಕು ತಿಂಗಳು ಕಳೆದು, ಗಡ್ಡೆ ಒಡೆದ ಮೇಲೆ ಆಸ್ಪತ್ರೆಗೆ ಬಂದವರನ್ನು ನಾನು ನೋಡಿದ್ದೇನೆ. ಆ ತಿಂಗಳುಗಳನ್ನು ಯಾರೂ ವಾಪಸು ಕೊಡಲಾರರು.

ದೊಡ್ಡವ್ವನ ಮೊಮ್ಮಗಳು ಹತ್ತನೆಯ ತರಗತಿಯಲ್ಲಿ ಓದುತ್ತಾಳೆ. ಅಜ್ಜಿಯ ಕೈಕಾಲು ಸವರುವುದನ್ನು ನಾನು ಅವಳಿಗೆ ಕಲಿಸಲು ಹೊರಟೆ. ಕಲಿಸಿದ್ದು ದೊಡ್ಡವ್ವನೇ. "ಬೆರಳ ತುದಿ ಬೇಡ, ಅಂಗೈ ಇಡು. ಹೊಕ್ಕುಳು ಬೀಳದ ಕೂಸಿಗೆ ಹಚ್ಚುತ್ತಾರಲ್ಲ, ಹಾಗೆ" ಎಂದಳು. ಹುಡುಗಿ ಅಂಥ ಕೂಸನ್ನು ಮುಟ್ಟಿದವಳಲ್ಲ. ದೊಡ್ಡವ್ವ ಅವಳ ಮುಂಗೈಯನ್ನೇ ತನ್ನ ತೊಡೆಯ ಮೇಲೆ ಎಳೆದುಕೊಂಡು, ಬಾವಿಲ್ಲದ ಎಡಗೈಯಿಂದ ಮೊಣಕೈಯಿಂದ ಕೆಳಕ್ಕೆ ಸವರಿ ತೋರಿಸಿದಳು. ಆಪರೇಷನ್ ಆದ ಮೇಲೆ ಅವಳು ಯಾರಿಗಾದರೂ ಎಣ್ಣೆ ಹಚ್ಚಿದ್ದು ಅದೇ ಮೊದಲು.

ಈಗ ಸಂಜೆ ಫೋನ್ ಮಾಡಿದರೆ ಅವರ ಮನೆಯ ಕ್ರಮ ಕೇಳಿಸುತ್ತದೆ. ಹುಡುಗಿ ಮೊದಲು ಕೈ ತೊಳೆದು ಬರುತ್ತಾಳೆ. ಗೋಡೆಯ ಮೊಳೆಗೆ ಸಿಕ್ಕಿಸಿದ ಪ್ಲಾಸ್ಟಿಕ್ ಚೀಲದಿಂದ ಹೊಸ ರಕ್ತದ ವರದಿ ತೆಗೆದು, ಬೆರಳಿಟ್ಟು ಸಾಲು ಹುಡುಕಿ ಗಟ್ಟಿಯಾಗಿ ಓದುತ್ತಾಳೆ: "ಒಂದು ಲಕ್ಷದ ಹತ್ತು ಸಾವಿರ, ಅಜ್ಜಿ." ಆಮೇಲೆ ಎಣ್ಣೆಯ ಬಟ್ಟಲು ಕೆಳಗಿಟ್ಟ ಸದ್ದು. "ನಿಧಾನ" ಎನ್ನುತ್ತದೆ ದೊಡ್ಡವ್ವನ ದನಿ, "ಇನ್ನೂ ನಿಧಾನ."